ಅತ್ತೆಯ ಅಂಗೈ, ಎರಡು ಮೀಟರು

ಅತ್ತೆ ಮೊದಲು ಬಂದಳೋ, ಪೆಟ್ಟಿಗೆ ಮೊದಲು ಬಂತೋ ಎಂದು ಯಾರಾದರೂ ಕೇಳಿದರೆ ಅತ್ತೆಯೇ ಮೊದಲು ಬಂದಿರಬೇಕು ಎನ್ನುತ್ತೇನೆ. ಅವಳ ಕೈಗಾಗಿಯೇ ಅಲ್ಲವೇ ಪೆಟ್ಟಿಗೆ ಬಂದದ್ದು. ಆದರೆ ನನ್ನ ನೆನಪಿನಲ್ಲಿ ಸೇಡಂನ ನಮ್ಮ ಮನೆಯ ಪಡಸಾಲೆಯಲ್ಲಿ ಪೆಟ್ಟಿಗೆ ಆಗಲೇ ಕೂತು ಗುಂಯ್ ಅನ್ನುತ್ತಿದೆ, ಅತ್ತೆ ಆಮೇಲೆ ತೆಂಗಳಿಯಿಂದ ಬಂದು ಬಾಗಿಲಲ್ಲಿ ಕಾಲು ತೊಳೆಯುತ್ತಿದ್ದಾಳೆ. ಇದೊಂದು ತಪ್ಪು ಕೈಗೆ ಸಿಕ್ಕಿತು, ತಿದ್ದಿದೆ. ಸಿಗದೆ ಉಳಿದ ತಪ್ಪುಗಳೂ ಈ ಬರಹದಲ್ಲಿ ಇದ್ದೇ ಇರುತ್ತವೆ.

ಅತ್ತೆ ನಮ್ಮಪ್ಪನ ತಂಗಿ. ತೆಂಗಳಿಗೆ ಕೊಟ್ಟಿದ್ದರು. ಪೊಲೀಸ್ ಆಕ್ಷನ್ ಆಗಿ ಕೆಲವು ವರ್ಷ ಕಳೆದಿದ್ದವು, ನಾನು ಮೆಟ್ರಿಕ್ ಮುಗಿಸಿ ನೌಕರಿ ಇಲ್ಲದೆ ಮನೆಯಲ್ಲಿದ್ದೆ. ಬೇಸಿಗೆಗೆ ಮುಂಚೆ ಜ್ವರ ಬಂದು ಮಲಗಿದ ಅತ್ತೆ, ಜ್ವರ ಬಿಟ್ಟ ದಿನ ಎದ್ದು ನೋಡಿದರೆ ಎಡಗೈ ಮಣಿಕಟ್ಟಿನಿಂದ ಕೆಳಗೆ ಜೋತುಬಿದ್ದಿತ್ತು. ನೋವಿಲ್ಲ, ಬಾವಿಲ್ಲ. ಮೊಣಕೈ ಮಡಚುತ್ತಿತ್ತು, ಬೆರಳು ಅಷ್ಟಿಷ್ಟು ಮುಚ್ಚುತ್ತಿದ್ದವು. ಆದರೆ ಮುಂಗೈಯನ್ನು ಮೇಲಕ್ಕೆತ್ತಲು ಆಗುತ್ತಿರಲಿಲ್ಲ. ಅಂಗಾತ ಹಿಡಿದ ಅಂಗೈಯೂ ಒಂದು ಕಡೆಗೆ ವಾಲಿ ತಿರುಗಿಬಿಡುತ್ತಿತ್ತು.

ಬೇರೆ ಯಾರಿಗಾದರೂ ಎಡಗೈ ಅಷ್ಟು ದೊಡ್ಡ ಮಾತಾಗುತ್ತಿರಲಿಲ್ಲವೇನೋ. ಅತ್ತೆ ದಿನಾ ಕೊರಳಲ್ಲಿ ಧರಿಸಿದ ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು, ಎಡ ಅಂಗೈಯ ಮೇಲಿಟ್ಟುಕೊಂಡು, ಬಲಗೈಯಿಂದ ನೀರೆರೆದು, ವಿಭೂತಿ ಹಚ್ಚಿ, ಪತ್ರೆ ಏರಿಸಿ ಪೂಜೆ ಮುಗಿಸುವ ತನಕ ಬಾಯಿಗೆ ಹನಿ ನೀರು ಹಾಕಿದವಳಲ್ಲ. ಈಗ ಲಿಂಗ ಜಾರುತ್ತಿತ್ತು. ಔಷಧಿಗೆಂದು ನಮ್ಮ ಮನೆಗೆ ಬಂದಾಗ, ಮಣೆಯ ಮೇಲೆ ಕೈಯಿಟ್ಟುಕೊಂಡು ಮಾಡು, ಯಾರು ಬೇಡ ಅಂತಾರೆ ಎಂದು ಅವ್ವ ಹೇಳಿದಳು.

“ಹಂಗ ಮಾಡಿದ್ರ ಮಣಿ ಹಿಡದಂಗ ಆಗ್ತದ, ನಾ ಹಿಡದಂಗ ಆಗೂದಿಲ್ಲ,” ಎಂದಳು ಅತ್ತೆ. ಆದರೂ ಹಾಗೆಯೇ ಮಾಡುತ್ತಿದ್ದಳು.

ಶಹಾಬಾದಿನ ಒಬ್ಬ ಹಿರಿಯ ಡಾಕ್ಟರರ ಹತ್ತಿರ ಅವಳನ್ನು ನಾನೇ ಕರೆದುಕೊಂಡು ಹೋದೆ. ಸೇಡಂನಿಂದ ವಾಡಿಗೆ, ವಾಡಿಯಲ್ಲಿ ಗಾಡಿ ಬದಲಿಸಿ ಶಹಾಬಾದಿಗೆ. ಡಾಕ್ಟರರು ಕೈಯನ್ನು ಎತ್ತಿ ಬಿಟ್ಟರು, ಅದು ಬಿತ್ತು. ಮತ್ತೆ ಎತ್ತಿ ಬಿಟ್ಟರು.

“ಜ್ವರದಾಗ ಮಂಚದ ಪಟ್ಟಿ ಮ್ಯಾಲ ತೋಳು ಹಾಕಿ ಮಲಗಿದ್ದಿರೇನವ್ವಾ?”

“ಜ್ವರದಾಗ ಮಲಗಿದ್ದೇ ನನಗ ಗೊತ್ತಿಲ್ಲ ಡಾಕ್ಟರ್ ಸಾಬ್, ತೋಳು ಎಲ್ಲಿತ್ತು ಅಂತ ಹ್ಯಾಂಗ ಹೇಳ್ಲಿ?”

“ರಗ ಅಂದ್ರ ನರ ಒತ್ತಿದಂಗ ಕಾಣ್ತದ. ತಾನೇ ಬಂದರೂ ಬರಬಹುದು. ಸುಮ್ಮನ ಕೂತ್ರ ಮಾಂಸ ಸೊರಗ್ತದ. ದಿನಾ ಅದನ್ನ ಜರಾ ಕುಣಿಸಬೇಕು.”

ಹಾಗೆ ಹೇಳಿ ಕಪಾಟಿನ ಮೇಲಿಂದ ಇಳಿಸಿದ ಪೆಟ್ಟಿಗೆಯೇ ಇದು. ಸಾಗವಾನಿಯದು. ಒಳಗೆ ತಾಮ್ರದ ತಂತಿಯ ಸುರುಳಿ, ಅದರ ಮೇಲೆ ಹಿಂದೆ ಮುಂದೆ ಜಾರುವ ಇನ್ನೊಂದು ಸುರುಳಿ, ಪಕ್ಕದಲ್ಲಿ ಒಂದು ತಗಡಿನ ನಾಲಿಗೆ. ಎರಡು ಸೆಲ್ಲು ಹಾಕಿದರೆ ಸುರುಳಿ ಆ ನಾಲಿಗೆಯನ್ನು ಎಳೆದುಕೊಳ್ಳುತ್ತದೆ. ಎಳೆದುಕೊಂಡ ಕೂಡಲೇ ಕರೆಂಟ್ ಕಡಿದುಹೋಗುತ್ತದೆ. ಕಡಿದ ಕೂಡಲೇ ನಾಲಿಗೆ ವಾಪಸು ಬಂದು ತಿರುಪಿನ ತುದಿಗೆ ತಾಗುತ್ತದೆ, ಮತ್ತೆ ಕರೆಂಟ್. ಹೀಗೆ ಅದು ಜೇನುನೊಣದಂತೆ ಗುಂಯ್‌ಗುಡುತ್ತದೆ. ಮೇಲಿನ ಸುರುಳಿಯಿಂದ ಎರಡು ತಂತಿ ಹೊರಟು ಹಿತ್ತಾಳೆಯ ಎರಡು ನಳಿಗೆಗಳಿಗೆ ಹೋಗುತ್ತವೆ. ರೋಗಿ ಅವನ್ನು ಕೈಯಲ್ಲಿ ಹಿಡಿಯಬೇಕು. ಮೇಲಿನ ಸುರುಳಿಯನ್ನು ಒಳಗೆ ಸರಿಸಿದಷ್ಟೂ ಒದೆತ ಜೋರು.

“ನಾಲಿಗಿ ಮುರದಿತ್ತು, ಯಾರೋ ಹೊಸಾದು ಕೂಡಿಸ್ಯಾರ,” ಎಂದರು ಡಾಕ್ಟರರು. “ಸೆಲ್ಲಿನಿಂದ ಅರ್ಧ ಆಂಪಿಯರ್ ಒಳಗ ಎಳೀಬೇಕು ಅಂತ ಮುಚ್ಚಳದಾಗ ಬರದದ. ಈಗ ಎಷ್ಟು ಎಳೀತದೋ ಖುದಾಗೇ ಗೊತ್ತು. ರೇಡಿಯೋ ಬಿಚ್ಚಾಂವ ಅಂತೀಯಲ್ಲ, ನೋಡ್ಕೊಂಡು ಬಾ. ಆಮ್ಯಾಲ ನಿಮ್ಮ ಅತ್ತಿ ಕೈಗೆ ಹಚ್ಚೋಣು.”

ನಾನು ಬಿಚ್ಚಿದ್ದು ಒಂದೇ ರೇಡಿಯೋ, ಅದನ್ನು ತಿರುಗಿ ಕೂಡಿಸಿದ್ದು ಬೇರೆಯವರು. ಆ ಮಾತನ್ನು ಹೇಳಲಿಲ್ಲ. ವಿದ್ಯುತ್ತನ್ನು ನಾನು ಕಲಿತದ್ದು ಉರ್ದುವಿನಲ್ಲಿ. ನಮ್ಮ ಶಾಲೆಯಲ್ಲಿ ಎಲ್ಲವೂ ಉರ್ದುವಿನಲ್ಲೇ ಇತ್ತು. ಕರೆಂಟಿಗೆ ‘ಬರ್ಕೀ ರೌ’ ಎನ್ನುತ್ತಿದ್ದರು, ಮಿಂಚಿನ ಹರಿವು. ಪುಸ್ತಕದ ಚಿತ್ರದಲ್ಲಿ ಅದು ಬ್ಯಾಟರಿಯ ಒಂದು ತುದಿಯಿಂದ ಹೊರಟು, ಕಾಗಿಣಾ ನದಿ ದಂಡೋತಿಯ ಹತ್ತಿರ ಚಳಿಗಾಲದಲ್ಲಿ ಹರಿಯುವ ಹಾಗೆ ಸದ್ದಿಲ್ಲದೆ, ಒಂದೇ ಸಮನೆ ಹರಿದು ಇನ್ನೊಂದು ತುದಿಗೆ ಸೇರುತ್ತಿತ್ತು. ನಿಂತು ಹೊರಟು ನಿಂತು ಹೊರಡುವ ಕರೆಂಟಿನ ಚಿತ್ರ ಆ ಪುಸ್ತಕದಲ್ಲಿ ಇರಲಿಲ್ಲ.

ನನ್ನ ಜೊತೆ ಓದಿದವನೊಬ್ಬ ವಾಡಿಯ ರೈಲ್ವೆ ತಂತಿ ವಿಭಾಗದಲ್ಲಿ ಸೇರಿದ್ದ. ಅವನು ಎರಡು ಮೀಟರು ಕೊಟ್ಟ. ಒಂದು ಕರೀ ಡಬ್ಬಿಯಂಥದು, ಭಾರ, ಒಳಗೆ ಅಯಸ್ಕಾಂತದ ಕಾಲುಗಳ ನಡುವೆ ತಿರುಗುವ ಸುರುಳಿ. ಇನ್ನೊಂದು ಜೇಬುಗಡಿಯಾರದಷ್ಟು, ಬ್ಯಾಟರಿ ನೋಡಲು ಇಟ್ಟುಕೊಳ್ಳುವಂಥದು, ಒಳಗೆ ಬರೀ ಒಂದು ಕಬ್ಬಿಣದ ಚೂರು. “ದೊಡ್ಡದನ್ನ ನಂಬು, ಸಣ್ಣದು ಅಗ್ಗದ ಮಾಲು,” ಎಂದು ಹೇಳಿಯೇ ಕೊಟ್ಟ.

ಎರಡನ್ನೂ ಒಂದರ ಹಿಂದೆ ಒಂದು ಜೋಡಿಸಿದೆ. ಅವೆರಡರಲ್ಲೂ ಹರಿಯುವುದು ಅದೇ ಕರೆಂಟು. ನಾಲಿಗೆಯನ್ನು ಬೆರಳಿನಿಂದ ಒತ್ತಿ ಹಿಡಿದೆ: ಎರಡೂ ಮುಳ್ಳು ಒಂದು ಆಂಪಿಯರ್ ದಾಟಿ ಒಂದೇ ಕಡೆಗೆ ನಿಂತವು. ಮೀಟರುಗಳು ಸರಿಯಾಗಿವೆ ಎಂದಾಯಿತು. ಬೆರಳು ತೆಗೆದೆ. ಗುಂಯ್ ಎಂದಿತು. ದೊಡ್ಡ ಮೀಟರಿನ ಮುಳ್ಳು ಇಳಿದು ಆಂಪಿಯರಿನ ಮೂರನೇ ಒಂದು ಭಾಗದ ಹತ್ತಿರ ಸಣ್ಣಗೆ ನಡುಗುತ್ತ ನಿಂತಿತು. ಸಣ್ಣ ಮೀಟರಿನದು ಅರ್ಧ ಆಂಪಿಯರ್ ದಾಟಿದಲ್ಲಿ ನಿಂತಿತು.

ಒಂದೇ ತಂತಿ, ಒಂದೇ ಹರಿವು, ಎರಡು ಲೆಕ್ಕ. ಒಂದು ಮೀಟರು ಅತ್ತೆಯ ಕೈಗೆ ಹಚ್ಚು ಅನ್ನುತ್ತಿತ್ತು, ಇನ್ನೊಂದು ಬೇಡ ಅನ್ನುತ್ತಿತ್ತು.

ಆ ಮಧ್ಯಾಹ್ನ ನನಗೆ ಆದದ್ದು ಹೆದರಿಕೆ ಅಲ್ಲ, ಖುಷಿ. ಯಾರೂ ಹೇಳಿಕೊಡದ ಏನೋ ಒಂದು ನನ್ನ ಎದುರಿಗೆ ಗುಂಯ್‌ಗುಡುತ್ತಿತ್ತು. ಅತ್ತೆ ಗೋಡೆಗೆ ಒರಗಿ, ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತಿದ್ದಳು.

“ಏನಂತದ ತಮ್ಮಾ ನಿನ್ನ ಪೆಟ್ಟಿಗಿ?”

“ಎರಡೆರಡು ಮಾತಾಡ್ಲಿಕತ್ತದ ಅತ್ತಿ.”

“ನಿಮ್ಮ ಮಾಮಾನಂಗ ಆತಲ್ಲ.”

ತಿರುಪನ್ನು ತಿರುವಿ ನೋಡಿದೆ. ನಾಲಿಗೆ ಇನ್ನೂ ಬೇಗ ಬೇಗ ನಡುಗತೊಡಗಿತು, ಧ್ವನಿ ಏರಿತು. ಸದ್ದು ಏರಿದರೆ ಕರೆಂಟೂ ಏರಬೇಕು ಎಂದುಕೊಂಡಿದ್ದೆ. ಎರಡೂ ಮುಳ್ಳುಗಳು ಇಳಿದವು. ಇದನ್ನು ಅತ್ತೆಗೆ ತೋರಿಸಿದೆ.

“ಹೌದಲ್ಲ,” ಎಂದಳು. “ನಮ್ಮ ಓಣ್ಯಾಗೂ ಹಂತಾಕಿ ಒಬ್ಬಾಕಿ ಅದಾಳ. ಒದರೋದು ಭಾಳ, ಉಣ್ಣೋದು ಜರಾ.”

ಯಾಕೆ ಹೀಗೆ ಎಂಬುದು ಹೊಳೆದದ್ದು ಬೀದಿಯಲ್ಲಿ ಹೋಗುತ್ತಿದ್ದ ಕಲ್ಲಿನ ಬಂಡಿಯನ್ನು ನೋಡಿದಾಗ ಎಂದು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಈಗ ಬರೆಯುವಾಗ ಅನುಮಾನ ಬರುತ್ತಿದೆ. ಬಂಡಿಯನ್ನು ಆಮೇಲೆ ಯಾವತ್ತೋ ನಾನೇ ತಂದು ಅಲ್ಲಿ ನಿಲ್ಲಿಸಿರಬಹುದು. ಬಂಡಿ ಬಂದಿರಲಿ ಬಿಡಲಿ, ತಿಳಿದದ್ದು ಇಷ್ಟು: ಹಾಸುಗಲ್ಲು ತುಂಬಿದ ಬಂಡಿಯನ್ನು ಎತ್ತು ಎಳೆದ ಕ್ಷಣಕ್ಕೆ ಅದು ಓಡುವುದಿಲ್ಲ. ಮೊದಲು ಅಲುಗುತ್ತದೆ, ತಡವಾಗಿ ವೇಗ ಹಿಡಿಯುತ್ತದೆ. ವೇಗ ಹಿಡಿಯುವ ಮೊದಲೇ ಎತ್ತನ್ನು ತಡೆದರೆ, ಎಷ್ಟು ಸಲ ಎಳೆದರೂ ಅದು ಪೂರ್ತಿ ವೇಗಕ್ಕೆ ಮುಟ್ಟುವುದೇ ಇಲ್ಲ. ಸುರುಳಿಯೊಳಗಿನ ಕರೆಂಟೂ ಹಾಗೆ. ನಾಲಿಗೆ ಬೇಗ ಕಡಿದಷ್ಟೂ ಅದು ಮೇಲೇರುವುದು ಕಡಿಮೆ. ಮತ್ತೆ, ಓಡುತ್ತಿರುವ ಬಂಡಿಯನ್ನು ಥಟ್ಟನೆ ನಿಲ್ಲಿಸಿದರೆ ಮೇಲಿನ ಕಲ್ಲು ಮುಂದಕ್ಕೆ ನುಗ್ಗುತ್ತದೆ. ಆ ನುಗ್ಗಾಟ ನನಗೂ ತಾಗಿತ್ತು: ಒಮ್ಮೆ ಸುರುಳಿಯ ತುದಿಯನ್ನು ಕೈಯಲ್ಲಿ ಹಿಡಿದುಕೊಂಡೇ ನಾನು ಸೆಲ್ಲು ಬಿಡಿಸಿದ್ದೆ. ಎರಡು ಸೆಲ್ಲಿನ ಕರೆಂಟು ಮೊಣಕೈ ತನಕ ಒದ್ದಿತ್ತು.

ಹಾಗಾದರೆ ಎರಡು ಮೀಟರಿನಲ್ಲಿ ಯಾವುದು ಖರೆ? ಕರೆಂಟು ಒಂದು ನಿಮಿಷದಲ್ಲಿ ಎಷ್ಟು ಬಿಸಿ ಮಾಡುತ್ತದೆ ಎನ್ನುವುದನ್ನು ಯಾವ ಮುಳ್ಳೂ ಸುಳ್ಳು ಮಾಡಲಾರದು ಎಂದು ಯೋಚಿಸಿದೆ. ಕೆಟ್ಟುಹೋದ ಒಂದು ಕರೆಂಟ್ ಇಸ್ತ್ರಿಯ ಒಳಗಿನ ತಂತಿಯನ್ನು ತುಂಡು ಮಾಡಿ, ಔಷಧಿ ಅಳೆಯುವ ಗಾಜಿನ ಲೋಟದಲ್ಲಿ ಇಳಿಬಿಟ್ಟು, ಕುಸುಬಿ ಎಣ್ಣೆ ಹಾಕಿದೆ. ಉಷ್ಣ ನೋಡಲು ಮನೆಯಲ್ಲಿದ್ದದ್ದು ಜ್ವರದ ಕಡ್ಡಿ ಒಂದೇ. ಅದರ ಗುರುತು ಮನುಷ್ಯನ ಮೈಯ ಬಿಸಿಯಿಂದ ಶುರುವಾಗುತ್ತದೆ. ಬೇರೆ ಊರಲ್ಲಿ ಅದರಿಂದ ಎಣ್ಣೆ ಅಳೆಯಲು ಆಗುವುದಿಲ್ಲ. ವೈಶಾಖದ ಸೇಡಂನಲ್ಲಿ ಆಗುತ್ತದೆ. ನೆರಳಿನಲ್ಲಿಟ್ಟ ಎಣ್ಣೆಗೇ ಆಗಲೇ ಜ್ವರ ಬಂದಿತ್ತು. ಕಷ್ಟ ಬೇರೆಯದು. ಕಡ್ಡಿಯನ್ನು ಎಷ್ಟು ಝಾಡಿಸಿದರೂ ಪಾದರಸ ಇಳಿಯುತ್ತಿರಲಿಲ್ಲ, ಸುತ್ತಲಿನ ಗಾಳಿಯೇ ಅದನ್ನು ಮೇಲೇರಿಸುತ್ತಿತ್ತು. ಪ್ರತಿ ಸಲವೂ ಲೋಟವನ್ನೂ ಕಡ್ಡಿಯನ್ನೂ ನೀರಿನ ಗಡಿಗೆಯ ಒದ್ದೆ ಬಟ್ಟೆಯಲ್ಲಿ ಸುತ್ತಿ ತಣಿಸಬೇಕಾಗಿತ್ತು.

ಅತ್ತೆಗೆ ಇದು ಬಹಳ ಹಿಡಿಸಿತು. ಒಳಗೆ ಬಂದವರಿಗೆಲ್ಲ ಹೇಳುತ್ತಿದ್ದಳು: “ಸಾವಕಾಶ ಬರ್ರಿ, ಕುಂದ್ರಿ, ನಮ್ಮ ತಮ್ಮ ಎಣ್ಣಿಗೆ ಜ್ವರ ನೋಡಾಕತ್ತಾನ.”

ಗೋಡೆಯ ಗಡಿಯಾರ ನೋಡಿಕೊಂಡು ಗುಂಯ್‌ಗುಡುವ ಕರೆಂಟಿನಿಂದ ಒಂದು ಸಲ ಎಣ್ಣೆ ಕಾಯಿಸಿದೆ. ಆಮೇಲೆ ಸುರುಳಿಯನ್ನು ಬಿಟ್ಟು, ಬರೀ ಸೆಲ್ಲಿನ ನೆಟ್ಟಗಿನ ಕರೆಂಟಿನಿಂದ ಅಷ್ಟೇ ಹೊತ್ತು ಕಾಯಿಸಿದೆ. ಎಣ್ಣೆಗೆ ಅಷ್ಟೇ ಜ್ವರ ಬರುವಂತೆ ತಂತಿ ಕೂಡಿಸುತ್ತ ತೆಗೆಯುತ್ತ ಹೋದೆ. ಕೊನೆಗೆ ಎರಡೂ ಸಮ ಆದಾಗ ನೆಟ್ಟಗಿನ ಕರೆಂಟು ಅರ್ಧ ಆಂಪಿಯರಿನ ಮೇಲೆ ಚೂರು ಇತ್ತು. ಅಗ್ಗದ ಸಣ್ಣ ಮೀಟರು ಹೇಳಿದಷ್ಟೇ. ದೊಡ್ಡದೂ ಸುಳ್ಳು ಹೇಳಿರಲಿಲ್ಲ. ಅದು ಎಲ್ಲ ಒದೆತಗಳನ್ನೂ ನಡುವಿನ ಬಿಡುವುಗಳನ್ನೂ ಕಲಸಿ ಹರಡಿ ಸರಾಸರಿ ಹೇಳುತ್ತಿತ್ತು. ಸಣ್ಣದು ಏಟಿನ ಕಾವು ಹೇಳುತ್ತಿತ್ತು. ಇವೆರಡರಲ್ಲಿ ಒಂದಾದರೂ ಪ್ರತಿ ಒದೆತದ ಶಿಖರ ಎಷ್ಟು ಎತ್ತರ ಎಂದು ಹೇಳಲಿಲ್ಲ. ಅದನ್ನು ನೋಡುವ ಸಾಧನ ಆಗ ನಾನು ಕಂಡಿರಲಿಲ್ಲ.

ತಿರುಪನ್ನು ಹೊಂದಿಸಿ ಸಣ್ಣ ಮೀಟರು ಅರ್ಧದ ಒಳಗೆ ಬರುವಂತೆ ಮಾಡಿ, ಪೆಟ್ಟಿಗೆಯನ್ನೂ ಅತ್ತೆಯನ್ನೂ ಶಹಾಬಾದಿಗೆ ಕರೆದೊಯ್ದೆ. ಡಾಕ್ಟರರು ಎಣ್ಣೆಯ ಕತೆ ಕೇಳಿ ನಕ್ಕರು. ಕಾಂಪೌಂಡರ್ ಅತ್ತೆಯ ಕೈ ಒರೆಸಿದ. ನಳಿಗೆ ಹಿಡಿಸಿದರು. ಅವಳು “ಇರುವಿ ಹರದಂಗ ಆಗ್ತದ” ಎಂದಳು. “ಇಷ್ಟರಾಗೇ ಇರ್ಲಿ. ಮ್ಯಾಲಿನ ಸುರುಳಿ ದಿನಾ ಜರಾ ಜರಾ ಒಳಗ ಸರಸು, ಅವಸರ ಮಾಡಬ್ಯಾಡ,” ಎಂದು ಡಾಕ್ಟರರು ಹೇಳಿ ಕಳಿಸಿದರು.

ಮನೆಗೆ ಬಂದು ಮರುದಿನ ಹಚ್ಚಿದರೆ ಇರುವೆಯೂ ಇಲ್ಲ, ಏನೂ ಇಲ್ಲ. ಪೆಟ್ಟಿಗೆ ಗುಂಯ್ ಅನ್ನುತ್ತಿದೆ. ಮುಳ್ಳು ಇರಬೇಕಾದಲ್ಲೇ ಇದೆ.

“ನಿನ್ನ ಕರೆಂಟ್ ಸೇಡಂಗೆ ಟಿಕೀಟ್ ತಗೊಂಡಿಲ್ಲೇನೋ? ಶಹಾಬಾದದಾಗೇ ಇಳೀತೇನು?” ಎಂದಳು ಅತ್ತೆ.

ಆ ದಿನವೂ ಇಲ್ಲ, ಮರುದಿನವೂ ಇಲ್ಲ. ಸುರುಳಿಯನ್ನು ಕೂದಲೆಳೆಯಷ್ಟು ಒಳಗೆ ಸರಿಸಿದೆ. ಇನ್ನೂ ಸರಿಸಿದೆ. ಪ್ರತಿ ದಿನ ಅವಳು ಪೂಜೆ ಮುಗಿಸಿ, ಮಣೆಯ ಮುಂದಿನಿಂದ ಎದ್ದು, ನೇರವಾಗಿ ನನ್ನ ಮುಂದೆ ಬಂದು ಕೂಡುತ್ತಿದ್ದಳು. ಹಗುರವಾಗಿ ತಮಾಷೆ ಮಾಡುತ್ತಿದ್ದಳು. ಆದರೆ ನಳಿಗೆ ಹಿಡಿದಾಗ ಅವಳ ಕಣ್ಣು ನನ್ನ ಮೀಟರಿನ ಮೇಲೆ ಇರುತ್ತಿರಲಿಲ್ಲ, ತನ್ನ ಮಣಿಕಟ್ಟಿನ ಮೇಲೆ ಇರುತ್ತಿತ್ತು. ನಾನು ಮೀಟರು ನೋಡುತ್ತಿದ್ದೆ. ಮುಳ್ಳು ಸರಿ ಇದೆ, ಆದ್ದರಿಂದ ಎಲ್ಲ ಸರಿ ಇದೆ. ಆದರೂ ಒದೆಯದಿದ್ದರೆ ಮೇಲಿನ ಸುರುಳಿಯ ತಂತಿ ಒಳಗೆಲ್ಲೋ ಕಡಿದಿರಬೇಕು. ಹೀಗೆ ತರ್ಕ ಮಾಡುತ್ತಿದ್ದೆ. ನಾನೇ ಹಿಡಿದು ನೋಡಿದರೆ ಜುಂ ಎನ್ನುತ್ತಿತ್ತು. ಅಂದರೆ ಕಡಿದಿಲ್ಲ. ಹಾಗಾದರೆ ಅತ್ತೆಯ ಕೈಯೇ ಪೂರ್ತಿ ಸತ್ತಿತೇ? ಆ ಪ್ರಶ್ನೆಯನ್ನು ಅವಳ ಎದುರು ಆಡಲಿಲ್ಲ. ಅವಳೇ ಆಡಿದಳು.

“ನೀ ಹಿಡದ್ರ ಒದೀತದ, ನಾ ಹಿಡದ್ರ ಇಲ್ಲ. ಇದರಾಗ ಏನೂ ಉಳದಿಲ್ಲ ಅಂತ ಹೇಳಿಬಿಡು ತಮ್ಮಾ. ತೆಂಗಳಿಗೆ ಹೋಗಿ ಮಣಿ ಮ್ಯಾಲೇ ಮಾಡ್ಕೋತ ಇರ್ತೀನಿ.”

ಅವತ್ತೇ ಮಧ್ಯಾಹ್ನ ಆದದ್ದು ಇದು. ಊಟವಾಗಿ, ಅತ್ತೆ ಎರಡೂ ಕೈ ತೊಳೆದುಕೊಂಡು, ಒರೆಸಿಕೊಳ್ಳದೆ ಬಂದು ಕೂತು, ಇನ್ನೊಂದು ಸಲ ಹಚ್ಚಿ ನೋಡೋಣ ಎಂದಳು. ಬೆಳಿಗ್ಗೆ ಎಲ್ಲಿ ಬಿಟ್ಟಿದ್ದೆವೋ ಸುರುಳಿ ಅಲ್ಲೇ ಇತ್ತು, ಬಹಳ ಒಳಗೆ. ನಾನು ಸೆಲ್ಲು ಕೂಡಿಸಿದೆ.

“ಬಸವಾ!” ಎಂದು ಕೂಗಿದಳು. ಎಡಗೈಯ ಬೆರಳುಗಳು ನಳಿಗೆಯ ಮೇಲೆ ಬಿಗಿದು ಮುಚ್ಚಿಕೊಂಡವು. ಬಿಡು ಬಿಡು ಎಂದರೆ ಬಿಡಲು ಬರುತ್ತಿಲ್ಲ. ನಾನು ತಂತಿ ಕಿತ್ತೆ. ನಳಿಗೆ ಕಲ್ಲಿನ ನೆಲಕ್ಕೆ ಬಿದ್ದು ಉರುಳಿತು. ಅವ್ವ ಅಡುಗೆಮನೆಯಿಂದ ಓಡಿ ಬಂದು, ನನಗೆ ಬಾಯಿಗೆ ಬಂದಂತೆ ಬೈದಳು. ಅತ್ತೆ ಯಾರ ಕಡೆಗೂ ನೋಡಲಿಲ್ಲ. ತನ್ನ ಕೈ ನೋಡುತ್ತಿದ್ದಳು.

“ಹೆಂಗ ಹಿಡಿತು ನೋಡಿದೇನು?” ಎಂದಳು. “ಸತ್ತಿಲ್ಲ ಇದು. ಹಚ್ಚು ಮತ್ತೊಮ್ಮೆ.”

“ಹಚ್ಚಿದ್ರ ನಿಮ್ಮಿಬ್ಬರನ್ನೂ ಹೊರಗ ಹಾಕ್ತೀನಿ,” ಎಂದಳು ಅವ್ವ.

ನಾನು ಮೀಟರು ನೋಡಿದ್ದೆ. ಆ ಕೂಗಿನ ಕ್ಷಣದಲ್ಲೂ ಮುಳ್ಳು ಕಣ್ಣಿಗೆ ಕಾಣುವಷ್ಟು ಅಲುಗಿರಲಿಲ್ಲ. ಎಷ್ಟೋ ದಿನದಿಂದ ನಾನು ಅಳೆಯುತ್ತಿದ್ದದ್ದು ಪೆಟ್ಟಿಗೆ ಸೆಲ್ಲಿನಿಂದ ತಿನ್ನುವ ಕರೆಂಟನ್ನು, ಅತ್ತೆಯ ಕೈಯೊಳಗೆ ಹೋಗುವ ಕರೆಂಟನ್ನಲ್ಲ. ಇಷ್ಟು ಸರಳ ಮಾತು ತಿಳಿಯಲು ಅವಳು ಕೂಗಬೇಕಾಯಿತು.

ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ನಡುವೆ ಏನು ಬದಲಾಗಿತ್ತು? ಕೈ ತೊಳೆದಿದ್ದಳು. ತೊಳೆದದ್ದು ಏನನ್ನು? ಪೂಜೆಯಲ್ಲಿ ಹಚ್ಚಿದ ವಿಭೂತಿಯನ್ನು. ಅಂಗೈಗೆ, ಮುಂಗೈಗೆ, ಬೆರಳ ಸಂದಿಗೆ ದಪ್ಪಗೆ ಹಚ್ಚುತ್ತಿದ್ದಳು. ಆ ಬೇಸಿಗೆಯಲ್ಲಿ ಅದು ಗಳಿಗೆಯಲ್ಲಿ ಒಣಗಿ ಸುಣ್ಣದ ಗೋಡೆಯಂತಾಗುತ್ತಿತ್ತು. ನಾನು ಪೂಜೆಗೆ ಕೂಡದ ಮಗ, ನನ್ನ ಕೈಗೆ ಏನೂ ಇರುತ್ತಿರಲಿಲ್ಲ, ನನಗೆ ಒದೆಯುತ್ತಿತ್ತು. ಶಹಾಬಾದಿನಲ್ಲಿ ಕಾಂಪೌಂಡರ್ ಉಪ್ಪುನೀರಿನ ಅರಳೆಯಿಂದ ಒರೆಸಿದ್ದ, ಅಲ್ಲೂ ಜುಂ ಎಂದಿತ್ತು. ಸಂಜೆ ನನ್ನ ಅಂಗೈಗೆ ವಿಭೂತಿ ಹಚ್ಚಿಕೊಂಡು ಒಣಗಿಸಿ ನಳಿಗೆ ಹಿಡಿದೆ. ಏನೂ ಇಲ್ಲ. ಒಂದು ಹನಿ ನೀರು ಬಿಟ್ಟುಕೊಂಡೆ. ಮೊಣಕೈ ತನಕ ಬಂತು.

ಅತ್ತೆಗೆ ಹೇಳಲು ಅಂಜಿಕೆ ಇತ್ತು. ಹೇಳಿದೆ.

“ಅಂದ್ರ? ಈಬತ್ತಿ ತೊಳದು ಪೆಟ್ಟಿಗಿ ಮುಂದ ಕೂಡು ಅಂತೀಯೇನು?”

“ತೊಳೀಬ್ಯಾಡ ಅತ್ತಿ. ಹಚ್ಕೊಳ್ಳೋಕಿಂತ ಮೊದಲೇ ಕೂಡು.”

“ಆಗ್ಲಿ. ಅದಕ್ಕ ಅಡ್ಡಿ ಇಲ್ಲ. ಮೊದಲು ನಿನ್ನ ಪೆಟ್ಟಿಗಿ, ಆಮ್ಯಾಲ ಜಳಕ, ಆಮ್ಯಾಲ ಪೂಜಿ,” ಎಂದಳು.

ಸುರುಳಿಯನ್ನು ಪೂರ್ತಿ ಹೊರಗೆಳೆದು ಮತ್ತೆ ಮೊದಲಿನಿಂದ ಶುರು ಮಾಡಿದೆವು. ಆದರೆ ನಳಿಗೆ ಹಿಡಿದರೆ ಕೈ ಮುಚ್ಚುತ್ತಿತ್ತು, ಅವಳಿಗೆ ಬೇಕಾದದ್ದು ಮುಚ್ಚುವುದಲ್ಲ. ಒಂದು ನಳಿಗೆಯನ್ನು ತೆಗೆದು, ತಂತಿಯ ತುದಿಗೆ ಒದ್ದೆ ಬಟ್ಟೆಯ ಉಂಡೆ ಕಟ್ಟಿ, ತೋಳಿನ ಮೇಲೆ ಅಲ್ಲಲ್ಲಿ ಇಟ್ಟು ನೋಡುತ್ತ ಹೋದೆ. ಬೇಗ ಬೇಸರವಾಗಿ ಅತ್ತೆ ಉಂಡೆಯನ್ನು ನನ್ನ ಕೈಯಿಂದ ಕಸಿದುಕೊಂಡು, ತಾನೇ ಬಲಗೈಯಲ್ಲಿ ಹಿಡಿದು ಮುಂದೋಳಿನ ಹಿಂಬದಿಯಲ್ಲಿ ಮೆಲ್ಲಗೆ ಸರಿಸುತ್ತ ಬಂದಳು. ಮೊಣಕೈಯ ಸ್ವಲ್ಪ ಕೆಳಗೆ ಒಂದು ಜಾಗ ಸಿಕ್ಕಿತು. ಜೋತುಬಿದ್ದಿದ್ದ ಮುಂಗೈ ಥಟ್ಟನೆ ಮೇಲೆದ್ದಿತು. ಉಂಡೆ ತೆಗೆದರೆ ಬಿತ್ತು. ಇಟ್ಟರೆ ಎದ್ದಿತು. ಅವಳು ಅದನ್ನು ಎಷ್ಟು ಸಲ ಮಾಡಿದಳೋ, ನಾನು ಎಣಿಸಲಿಲ್ಲ. ನಗುತ್ತಿದ್ದಳೋ ಅಳುತ್ತಿದ್ದಳೋ ಎಂದು ಬರೆಯಲು ಹೊರಟೆ, ಆದರೆ ನಾನು ಅವಳ ಮುಖ ನೋಡಿಯೇ ಇರಲಿಲ್ಲ. ಕೈಯನ್ನೇ ನೋಡುತ್ತಿದ್ದೆ.

ಆಮೇಲಿನ ವಾರಗಳು ನನ್ನ ನೆನಪಿನಲ್ಲಿ ಒಂದೇ ಉದ್ದನೆಯ ಬೆಳಗು. ಅದೇ ವಾರಗಳಲ್ಲಿ ಅವ್ವ ಚಿಂಚೋಳಿಯ ಅಡವಿ ಕಡೆಯಿಂದ ತರಿಸಿದ ಯಾವುದೋ ಎಣ್ಣೆಯನ್ನು ಆ ಕೈಗೆ ತಿಕ್ಕುತ್ತಿದ್ದಳು. ತಾನೇ ಬಂದರೂ ಬರಬಹುದು ಎಂದು ಡಾಕ್ಟರರು ಮೊದಲೇ ಹೇಳಿದ್ದರು. ಸೆಲ್ಲುಗಳು ಮುಗಿಯುತ್ತ ಬಂದು ಗುಂಯ್ ಎನ್ನುವುದು ಕ್ಷೀಣವಾಯಿತು, ಮುಳ್ಳು ಸೊನ್ನೆಯಿಂದ ಏಳಲು ಒಲ್ಲೆ ಎನ್ನತೊಡಗಿತು. ಹೊಸ ಸೆಲ್ಲು ತರಲು ವಾಡಿಗೆ ಹೋಗುತ್ತೇನೆ ಎಂದು ನಾನು ಹೇಳುತ್ತಿದ್ದ ದಿನಗಳಲ್ಲೇ ಮುಂಗೈ ತಾನಾಗಿ ಒಂದಿಷ್ಟು ಏಳಲು ಶುರುವಾಯಿತು. ಪೆಟ್ಟಿಗೆ ಮಾಡಿದ್ದೋ, ಎಣ್ಣೆ ಮಾಡಿದ್ದೋ, ಕಾಲ ಮಾಡಿದ್ದೋ. ಮೂರೂ ಒಂದೇ ತೋಳಿನಲ್ಲಿ ಹರಿಯುತ್ತಿದ್ದವು, ಬೇರೆ ಬೇರೆ ಅಳೆಯುವ ದಾರಿ ನನಗೆ ಇರಲಿಲ್ಲ. ಅತ್ತೆಯನ್ನು ಕೇಳಿದೆ. “ಯಾವುದರ ಹೊಟ್ಟಿ ಉರಸಲಿ? ಮೂರಕ್ಕೂ ಶರಣು,” ಎಂದಳು.

ಮಣೆ ಇಲ್ಲದೆ ಅವಳು ಮೊದಲ ಸಲ ಪೂಜೆ ಮಾಡಿದ್ದು ನಮ್ಮ ಮನೆಯಲ್ಲೇ, ಮಳೆ ಶುರುವಾಗುವ ಮೊದಲು, ಎಂದು ನಾನು ಹೇಳುತ್ತೇನೆ. ಅಲ್ಲ, ತೆಂಗಳಿಗೆ ಹೋದ ಮೇಲೆ ಎಂದು ನನ್ನ ತಂಗಿ ಹೇಳುತ್ತಾಳೆ. ಅವಳ ಮಾತೇ ಸರಿ ಇದ್ದರೆ, ನಾನು ಕಂಡದ್ದು ಎರಡನೆಯ ಸಲವೋ ಹತ್ತನೆಯ ಸಲವೋ ಇರಬೇಕು. ಇರಲಿ, ಕಂಡದ್ದನ್ನು ಹೇಳುತ್ತೇನೆ. ದೇವರ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಅತ್ತೆಯ ಎಡಗೈ ಗಾಳಿಯಲ್ಲಿತ್ತು, ಕೆಳಗೆ ಆಸರೆ ಇರಲಿಲ್ಲ. ಅಂಗೈ ಪೂರ್ತಿ ಮಟ್ಟವಾಗಿರಲಿಲ್ಲ, ಕಿರುಬೆರಳಿನ ಕಡೆಗೆ ವಾಲಿತ್ತು. ಲಿಂಗ ವಾಲಿದ ಕಡೆಗೆ ಒಂದಿಷ್ಟು ಸರಿದು, ಬೆರಳ ಬುಡಕ್ಕೆ ತಾಗಿ ನಿಂತಿತ್ತು. ಅವಳು ಬಲಗೈಯಿಂದ ನೀರೆರೆದಳು. ನೀರು ಆ ಕಿರುಬೆರಳಿನ ಗುಂಟ ಹರಿದು, ಅದರ ತುದಿಯಿಂದ ಕೆಳಗಿನ ತಾಟಿಗೆ ಹನಿಹನಿಯಾಗಿ ಬೀಳುತ್ತಿತ್ತು. ನಾನು ಅಲ್ಲಿಂದ ಸರಿದು ಅಂಗಳಕ್ಕೆ ಹೋದೆ. ಅವಳು ಪೂಜೆ ಮುಗಿಸಿ ಹೊರಗೆ ಬರುವುದಕ್ಕೆ ಬಹಳ ಹೊತ್ತು ಹಿಡಿಯಿತು.